ಮೆಣಸಿನಕಾಯಿಗಿರುವ ಮಾನ ಮನುಷ್ಯನಿಗಿಲ್ಲವೇ?

ಹೋದ ತಿಂಗಳು ನಮ್ಮ ಸಂಬಂಧಿಕರೊಬ್ಬರು ಮನೆಗೆ ಬಂದಿದ್ದರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು, ಮಾತು ಬಲ್ಲವರು, ವರಸೆಯಿಂದ ನನಗೆ ಮಾಮಾ ಆಗಬೇಕು. ಅವರ ಮಗ ಬೆಂಗಳೂರಿನಲ್ಲಿ ಕಂಪನಿಗಳಿಗೆ ಜನರನ್ನು ಒದಗಿಸಿಕೊಡುವ ಕಚೇರಿಯೊಂದನ್ನು ನಡೆಸುತ್ತಾನೆ. ಚಹ ಕುಡಿಯುತ್ತ ನಾನು ನನ್ನ ಗೋಳನ್ನು ತೋಡಿಕೊಂಡೆ. ಅವರು ಬಸಿಯನ್ನು ಕೆಳಗಿಟ್ಟು, “ಅಲ್ಲಪಾ, ಏಜೆಂಟರ ಮ್ಯಾಲೆ ನಿನಗ ಇಷ್ಟ್ಯಾಕ ಸಿಟ್ಟು? ದಲಾಲ ಇಲ್ಲದ ಪ್ಯಾಟಿ ಎಲ್ಲೆರ ನಡದದೇನು? ಅಂವಾ ಕೆಲಸ ಹುಡುಕಿ ಕೊಡತಾನ, ತನ್ನ ಪಾಲು ತಗೋತಾನ. ನಿನಗ ಒಪ್ಪಿಗಿ ಇಲ್ಲಂದ್ರ ಬಿಡು. ಯಾರರ ಕೈ ಹಿಡದು ಎಳದಾರೇನು?” ಎಂದರು.

ಆಗ ನನಗೆ ಉತ್ತರ ಹೊಳೆಯಲಿಲ್ಲ. ಹೊಳೆದದ್ದು ಅವರನ್ನು ಬಸ್ಸು ಹತ್ತಿಸಿ ಮನೆಗೆ ತಿರುಗಿ ಬರುವಾಗ. ಅವರೊಬ್ಬರಿಗೇ ಪತ್ರ ಬರೆದು ಮುಗಿಸಬಹುದಿತ್ತು. ಆದರೆ ಮಾಳಮಡ್ಡಿ, ಸಪ್ತಾಪುರ, ಹುಬ್ಬಳ್ಳಿಯ ವಿದ್ಯಾನಗರಗಳ ಎಷ್ಟೋ ಮನೆಗಳಲ್ಲಿ ಈಗ ಒಬ್ಬ ಮಗನೋ ಮಗಳೋ ‘ಕಾಂಟ್ರ್ಯಾಕ್ಟ್’ ಮೇಲೆ ದುಡಿಯುತ್ತಿದ್ದಾರೆ. ತಂದೆತಾಯಿಗಳು ಕೇಳಿದವರಿಗೆ ಕಂಪನಿಯ ಹೆಸರು ಹೇಳುತ್ತಾರೆ. ಆ ಕಂಪನಿಗೂ ತಮ್ಮ ಮಗನಿಗೂ ನಡುವೆ ನಿಂತವನ ಹೆಸರು ಅವರಿಗೆ ಗೊತ್ತಿರುವದಿಲ್ಲ. ಆದ್ದರಿಂದ ಮಾಮಾನಿಗೆ ಕೊಡಬೇಕಾದ ಉತ್ತರವನ್ನು ವಾಚಕರ ಎದುರಿನಲ್ಲೇ ಕೊಡುತ್ತಿದ್ದೇನೆ.

ಮೊದಲು ನನ್ನ ಕಸುಬಿನ ಮಾತು. ನಾನು ಯಂತ್ರಭಾಗಗಳ ನಕ್ಷೆ ತೆಗೆಯುವವ. ಹುಬ್ಬಳ್ಳಿಯ ಗೋಕುಲ ರೋಡಿನ ಒಂದು ಕಾರಖಾನೆಯಲ್ಲಿ ಹದಿನೆಂಟು ವರ್ಷ ಪಗಾರಕ್ಕೆ ಇದ್ದೆ. ಬೋರ್ಡು, ಟೀ-ಸ್ಕ್ವೇರು, ಟ್ರೇಸಿಂಗ್ ಕಾಗದಗಳಿಂದ ಆರಂಭಿಸಿ ಕಂಪ್ಯೂಟರಿನವರೆಗೆ ಬಂದೆ. ಕಾರಖಾನೆಯವರು ನಕ್ಷೆಯ ವಿಭಾಗವನ್ನೇ ಮುಚ್ಚಿದ ಮೇಲೆ ಸ್ವತಂತ್ರನಾದೆ. ಅಂದರೆ ಮೂರು ತಿಂಗಳು ಒಬ್ಬರಲ್ಲಿ, ಆರು ತಿಂಗಳು ಇನ್ನೊಬ್ಬರಲ್ಲಿ ಕೆಲಸ. ನಡುವೆ ಬಿಡುವು, ಬಿಡುವಿನಲ್ಲಿ ಚಿಂತೆ. ಇಂಗ್ಲಿಷಿನಲ್ಲಿ ಇಂಥವನಿಗೆ ‘ಫ್ರೀಲಾನ್ಸರ್’ ಎಂಬ ಚೆಂದದ ಹೆಸರುಂಟು. ವಾಲ್ಟರ್ ಸ್ಕಾಟನ ‘ಐವನ್‌ಹೋ’ ಕಾದಂಬರಿಯ ಕಾಲಕ್ಕೆ ಆ ಶಬ್ದಕ್ಕೆ ಯಾವ ದೊರೆಗೂ ಕಟ್ಟುಬೀಳದೆ ಕೂಲಿಗೆ ಕಾದುವ ಭರ್ಚಿಯವನು ಎಂದು ಅರ್ಥ. ಭರ್ಚಿ ಇಂದಿಗೂ ನಮ್ಮದೇ. ಆದರೆ ಯುದ್ಧ ಯಾರದು, ಗೆದ್ದ ದೊರೆ ಕೂಲಿ ಎಷ್ಟು ಕೊಟ್ಟ ಎಂಬುದು ನಡುವಿನವನಿಗೆ ಮಾತ್ರ ಗೊತ್ತು.

ಈ ನಡುವಿನವನು ಹೇಗೆ ಬರುತ್ತಾನೆಂಬುದನ್ನು ಹೇಳುತ್ತೇನೆ. 2024ರ ಬೇಸಿಗೆಯ ಒಂದು ಮುಂಜಾನೆ ದೂರದ ನೊಯ್ಡಾದಿಂದ ಫೋನು. ಮಾತನಾಡಿದವಳು ನನ್ನ ಮಗಳ ವಯಸ್ಸಿನ ಹುಡುಗಿ. “ಆಟೋಕ್ಯಾಡ್ 2024ರಲ್ಲಿ ನಿಮಗೆ ಐದು ವರ್ಷದ ಅನುಭವ ಇದೆಯೇ?” ಎಂದು ಕೇಳಿದಳು. “ತಂಗಿ, ಆ ಆವೃತ್ತಿ ಹೊರಬಿದ್ದದ್ದೇ 2023ರ ಮಾರ್ಚದಲ್ಲಿ. ಐದು ವರ್ಷದ ಅನುಭವ ಅದನ್ನು ಮಾಡಿದವನಿಗೂ ಇರಲಿಕ್ಕಿಲ್ಲ. ಆದರೆ ನಾನು ಈ ಕೆಲಸ ಇಪ್ಪತ್ತೈದು ವರ್ಷದಿಂದ ಮಾಡುತ್ತಿದ್ದೇನೆ” ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಇಲ್ಲ ಎಂದು ಬರೆದುಕೊಳ್ಳಲೇ?” ಎಂದಳು. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ಇಷ್ಟು ಬಯೋಡೇಟಾ ಕೂಡಿಸಬೇಕೆಂದು ಅವಳ ತಲೆಯ ಮೇಲೂ ಒಬ್ಬ ಕುಳಿತಿರುತ್ತಾನೆ. ನನ್ನ ಸಿಟ್ಟು ಆಕೆಯನ್ನು ಆ ಕುರ್ಚಿಯಲ್ಲಿ ಕೂಡ್ರಿಸಿದ ವ್ಯವಸ್ಥೆಯ ಮೇಲೆ. ಮೂಲಂಗಿ ಯಾವುದು ಗಜ್ಜರಿ ಯಾವುದು ಎಂದು ಗೊತ್ತಿಲ್ಲದವನನ್ನು ಯಾವ ಅಡತಿ ಅಂಗಡಿಯವನೂ ಲಿಲಾವಿಗೆ ನಿಲ್ಲಿಸುವದಿಲ್ಲ.

ಇದು ನಗುವ ಸಂಗತಿಯಾಯಿತು. ನಗು ಬಾರದ ಸಂಗತಿಗಳೂ ಇವೆ. ಇಲ್ಲದ ಕೆಲಸಕ್ಕೆ ಜಾಹೀರಾತು ಕೊಡುತ್ತಾರೆ. ನೂರಾರು ಜನ ಬಯೋಡೇಟಾ ಕಳಿಸುತ್ತಾರೆ. ಏಜೆಂಟನ ಕಪಾಟು ತುಂಬುತ್ತದೆ. ‘ನಮ್ಮಲ್ಲಿ ಇಷ್ಟು ಸಾವಿರ ನುರಿತವರ ಯಾದಿ ಇದೆ’ ಎಂದು ಅವನು ಕಂಪನಿಗಳ ಮುಂದೆ ಹೇಳಿಕೊಳ್ಳುತ್ತಾನೆ. ಕಳಿಸಿದವನು ಉತ್ತರದ ದಾರಿ ಕಾಯುತ್ತ ಕೂಡುತ್ತಾನೆ. ಇನ್ನು, ‘ಹಿಂದೆ ಯಾರ ಕೈಕೆಳಗೆ ದುಡಿದಿರಿ? ಎರಡು ಹೆಸರು, ಎರಡು ಫೋನು ನಂಬರು ಕೊಡಿ’ ಎಂದು ಕೇಳುತ್ತಾರೆ. ನಮ್ಮ ಗುಣ ವಿಚಾರಿಸಲಿಕ್ಕೆಂದು ನಾವು ತಿಳಿಯುತ್ತೇವೆ. ಮರುದಿನ ಆ ಇಬ್ಬರಿಗೂ ಫೋನು ಹೋಗುತ್ತದೆ. ನನ್ನ ಗುಣದ ಮಾತೇ ಇಲ್ಲ, ‘ನಿಮ್ಮ ಕಾರಖಾನೆಗೆ ಜನ ಬೇಕೇ?’ ಎಂಬ ಪ್ರಶ್ನೆ. ಹಳೆಯ ಸಾಹೇಬರೊಬ್ಬರು ನನಗೆ ಫೋನು ಹಚ್ಚಿ, “ನನ್ನ ನಂಬರು ಯಾಕ ಮಾರಿದಿ?” ಎಂದು ಕೇಳಿದಾಗ ನನಗೆ ನೆಲ ಸೀಳಿದಂತಾಯಿತು.

ನಮ್ಮನ್ನು ಕೇಳದೆಯೇ ಬಯೋಡೇಟಾ ಕಳಿಸುವದು ಮತ್ತೊಂದು ರೀತಿ. ಒಂದೇ ಹೆಸರು ಇಬ್ಬರು ಏಜೆಂಟರ ಕಡೆಯಿಂದ ಬಂದರೆ ಕಂಪನಿಯವರು ಆ ತಂಟೆಯೇ ಬೇಡವೆಂದು ಹೆಸರನ್ನೇ ಹೊಡೆದುಹಾಕುತ್ತಾರೆ. ನಾವು ಹೋಗದ ಮನೆಯಿಂದ ನಮ್ಮನ್ನು ಹೊರಗೆ ಹಾಕಿರುತ್ತಾರೆ. ಯಾಕೆಂಬುದು ಸಹ ನಮಗೆ ತಿಳಿಯುವದಿಲ್ಲ. ಕಳಿಸುವ ಮುಂಚೆ ಅದನ್ನು ತಿದ್ದುವದೂ ಉಂಟು. ನನ್ನ ಫೋನು ನಂಬರು ತೆಗೆದು ತಮ್ಮ ಮುದ್ರೆ ಒತ್ತುವದು ಹೋಗಲಿ. ಒಮ್ಮೆ ಬೆಂಗಳೂರಿನ ಸಂದರ್ಶನದಲ್ಲಿ ಎದುರಿಗೆ ಕುಳಿತವರು, “ವಿಮಾನದ ಭಾಗಗಳಲ್ಲಿ ಏಳು ವರ್ಷದ ಅನುಭವ ಇದೆ ಎಂದು ಬರೆದಿದ್ದೀರಲ್ಲ, ಅದರ ಬಗ್ಗೆ ಹೇಳಿ” ಎಂದರು. ನಾನು ವಿಮಾನ ಹತ್ತಿದ್ದೇ ಒಮ್ಮೆ. ಆ ಸಾಲನ್ನು ನಾನು ಬರೆದಿರಲಿಲ್ಲವೆಂದು ಹೇಳಿದೆ. ಅವರು ನಂಬಲಿಲ್ಲ; ನಂಬಬೇಕಾದ ಕಾರಣವೂ ಇರಲಿಲ್ಲ. ಸುಳ್ಳು ಬರೆದವನು ಮುನ್ನೂರು ಮೈಲು ದೂರ ಕುಳಿತಿದ್ದ. ಸುಳ್ಳುಗಾರನೆಂಬ ಹೆಸರು ಹೊತ್ತುಕೊಂಡು ಧಾರವಾಡದ ಗಾಡಿ ಹತ್ತಿದವನು ನಾನು.

ಇಷ್ಟೆಲ್ಲವನ್ನೂ ಮನುಷ್ಯ ನುಂಗಿಕೊಳ್ಳಬಹುದು. ನುಂಗಲಾರದ್ದು ಪುಣೆಯಲ್ಲಿ ಎದುರಾಯಿತು.

2022ರ ಕೊನೆಗೆ ಒಬ್ಬ ಏಜೆಂಟನ ಮೂಲಕ ಪುಣೆಯ ಕಾರಖಾನೆಯೊಂದರ ಕೆಲಸ ಸಿಕ್ಕಿತು. ಜಿಗ್ಗು, ಫಿಕ್ಸ್ಚರುಗಳ ನಕ್ಷೆ. ತಾಸಿಗೆ 480 ರೂಪಾಯಿ ಎಂದು ಗೊತ್ತುಮಾಡಿದ. ಹೆಚ್ಚು ಕೇಳಿದ್ದಕ್ಕೆ, “ಗಿರಾಕಿಯ ಹತ್ತಿರ ದುಡ್ಡಿಲ್ಲ, ನಾವು ನಷ್ಟದಲ್ಲೇ ಮಾಡುತ್ತಿದ್ದೇವೆ” ಎಂದ. ನಂಬಿದೆ. ಎರಡನೆಯ ತಿಂಗಳಲ್ಲಿ ಒಂದು ನಕ್ಷೆ ಅರ್ಧ ದಿನ ತಡವಾಯಿತು. ಅಲ್ಲಿಯ ಮ್ಯಾನೇಜರರು ಒಳ್ಳೆಯ ಮನುಷ್ಯರು, ಬೈಯಲಿಲ್ಲ. ಊಟದ ಹೊತ್ತಿಗೆ ಮಾತ್ರ, “ನಿಮಗಾಗಿ ತಾಸಿಗೆ ಸಾವಿರದ ನೂರು ಕೊಡುತ್ತಿದ್ದೇವೆ, ಸ್ವಲ್ಪ ಚುರುಕಾಗಬೇಕು” ಎಂದರು. ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ನೂರು ರೂಪಾಯಿಯಲ್ಲಿ ಐವತ್ತಾರು ನಡುವಿನವನಿಗೆ. ನಲವತ್ನಾಲ್ಕು ಕಣ್ಣು ಕೆಂಪಾಗಿಸಿಕೊಂಡು ಗೆರೆ ಎಳೆದವನಿಗೆ. ಮ್ಯಾನೇಜರರು ಸಾವಿರದ ನೂರರ ಚುರುಕು ಕೇಳುತ್ತಿದ್ದರು. ನಾನು ನಾಲ್ಕು ನೂರಾ ಎಂಬತ್ತರ ಊಟ ಮಾಡುತ್ತಿದ್ದೆ. ಹೇಳಿಬಿಡೋಣವೆನಿಸಿತು. ದರದ ಮಾತನ್ನು ಗಿರಾಕಿಯೊಡನೆ ಎತ್ತಕೂಡದೆಂದು ಕರಾರಿನಲ್ಲಿ ಸಹಿ ಮಾಡಿದ್ದೆ. ಸುಮ್ಮನೆ ಉಂಡು ಎದ್ದೆ.

ಕೆಲಸ 2023ರ ಫೆಬ್ರುವರಿಗೆ ಮುಗಿಯಿತು. ಕಡೆಯ ಎರಡು ತಿಂಗಳ ಬಿಲ್ಲು ತಿಂಗಳಿಗೆ ಇಪ್ಪತ್ನಾಲ್ಕು ದಿನ, ದಿನಕ್ಕೆ ಎಂಟು ತಾಸಿನಂತೆ 1,84,320 ರೂಪಾಯಿ. ಮೂವತ್ತು ದಿನದಲ್ಲಿ ಕೊಡುತ್ತೇವೆಂದಿದ್ದವರು ಮೇ ತಿಂಗಳಾದರೂ ಕೊಡಲಿಲ್ಲ. ಕೇಳಿದಾಗಲೆಲ್ಲ ಒಂದೇ ಪಲ್ಲವಿ: “ಗಿರಾಕಿಯಿಂದ ಬಂದಿಲ್ಲ, ಬಂದೊಡನೆ ಹಾಕುತ್ತೇವೆ.” ಜೂನದಲ್ಲಿ ಮಗಳ ಕಾಲೇಜಿನ ಫೀ ತುಂಬುವ ದಿನ ಬಂತು. ನನ್ನ ಹೆಂಡತಿ ಒಳಗೆ ಹೋಗಿ ತನ್ನ ಪಾಟಲಿಗಳನ್ನು ತಂದು ಮೇಜಿನ ಮೇಲಿಟ್ಟಳು. “ನೀವು ಎಳದ ಗೆರಿ ಎಲ್ಲಾ ಸೀದಾ ಇರತಾವ, ಲೆಕ್ಕ ಯಾಕ್ರಿ ಹಿಂಗ ಸೊಟ್ಟ?” ಎಂದಳು. ಬೇರೇನೂ ಅನ್ನಲಿಲ್ಲ. ಪತ್ತಿನ ಸಂಘದಲ್ಲಿ ಅವನ್ನು ಒತ್ತೆಯಿಟ್ಟು ವರ್ಷಕ್ಕೆ ನೂರಕ್ಕೆ ಹನ್ನೆರಡರ ಬಡ್ಡಿಯಿಂದ ಸಾಲ ತಂದೆ. ಮುಂದಿನ ತಿಂಗಳು ಧೈರ್ಯ ಮಾಡಿ ಪುಣೆಯ ಕಾರಖಾನೆಯ ಲೆಕ್ಕದ ವಿಭಾಗಕ್ಕೆ ಫೋನು ಹಚ್ಚಿದೆ. “ನಿಮ್ಮ ಏಜೆಂಟರ ಬಿಲ್ಲು ಏಪ್ರಿಲಿನಲ್ಲೇ ಚುಕ್ತಾ ಆಗಿದೆಯಲ್ಲ” ಎಂದರು. ಅಂದರೆ ನನ್ನ ಹೆಂಡತಿಯ ಪಾಟಲಿಗಳು ನನ್ನ ಸಾಲಕ್ಕಾಗಿ ಒತ್ತೆ ಬಿದ್ದಿರಲಿಲ್ಲ. ಏಜೆಂಟನಿಗೆ ಬಿಟ್ಟಿ ಬಂಡವಾಳ ಒದಗಿಸಲು ಬಿದ್ದಿದ್ದವು.

ಈಗ ಮಾಮಾನ ಮಾತಿಗೆ ಬರುತ್ತೇನೆ. ‘ದಲಾಲನಿಲ್ಲದ ಪೇಟೆಯಿಲ್ಲ.’ ಒಪ್ಪಿದೆ. ದಲಾಲರೆಲ್ಲ ಕಳ್ಳರು ಎನ್ನುವವನು ನಾನಲ್ಲ. ಎಲ್ಲಿ ಕೆಲಸವುಂಟು, ಯಾರು ಬಲ್ಲವರು ಎಂದು ತಿಳಿದುಕೊಳ್ಳುವದೂ ಒಂದು ದುಡಿಮೆಯೇ. ಆದರೆ ಮಾಮಾ ಪೇಟೆಯ ಹೆಸರು ತೆಗೆದದ್ದರಿಂದ ನಿಜವಾದ ಪೇಟೆ ಹೇಗಿದೆಯೆಂಬುದನ್ನು ನೋಡಿಯೇ ಬಿಡೋಣ.

ನಮ್ಮಜ್ಜ ನವಲಗುಂದದ ಕಡೆಯ ಹತ್ತಿ ಬೆಳೆಯುವ ಒಕ್ಕಲಿಗ. ಎರಿ ಹೊಲದ ಹತ್ತಿಯನ್ನು ಗಾಡಿಯಲ್ಲಿ ಹೇರಿಕೊಂಡು ಹುಬ್ಬಳ್ಳಿಗೆ ತರುತ್ತಿದ್ದ. ಆಗಿನ ಮಾರಾಟದ ಬಗೆಯನ್ನು ಅವನು ಹೇಳುತ್ತಿದ್ದದ್ದು ನನಗೆ ನೆನಪಿದೆ. ದಲಾಲನೂ ಖರೀದಿದಾರನೂ ಎದುರುಬದುರಾಗಿ ಕುಳಿತು ಕೈಗಳ ಮೇಲೆ ಒಂದು ವಲ್ಲಿ ಹೊದಿಸುವರು. ವಲ್ಲಿಯ ಕೆಳಗೆ ಬೆರಳು ಹಿಡಿದು ದರ ಗೊತ್ತಾಗುವದು. ಇಷ್ಟು ಬೆರಳಿಗೆ ಇಷ್ಟು ರೂಪಾಯಿ. ಹತ್ತಿ ಬೆಳೆದವನು ಪಕ್ಕದಲ್ಲೇ ನಿಂತು ಅವರ ಮುಖ ನೋಡಬೇಕು. ವಲ್ಲಿ ತೆಗೆದ ಮೇಲೆ ದಲಾಲ ಒಂದು ದರ ಹೇಳುವನು. ಬೆರಳು ಹೇಳಿದ್ದು ಅದೇ ಹೌದೋ ಅಲ್ಲವೋ ದೇವರೇ ಬಲ್ಲ. ಮೇಲೆ ಧರ್ಮಾದಾಯ, ಹಮಾಲಿ, ತೂಕದ ಕಡಿತ. “ನನ್ನ ಹತ್ತಿ, ನನ್ನ ಗಾಡಿ, ನನ್ನ ಎತ್ತು, ದರ ಒಂದು ನನ್ನದಲ್ಲ” ಎನ್ನುತ್ತಿದ್ದ.

ಈ ವಲ್ಲಿಯನ್ನು ಕಿತ್ತೊಗೆಯಲು ಬಹಳ ವರ್ಷಗಳು ಹಿಡಿದವು. 1928ರಲ್ಲಿ ಕೃಷಿಯ ರಾಯಲ್ ಕಮಿಶನ್ನು ನಿಯಂತ್ರಿತ ಪೇಟೆಗಳಾಗಬೇಕೆಂದು ಹೇಳಿತು. ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ 1939ರಲ್ಲಿ ಆ ಪ್ರಾಂತದ ಪೇಟೆಯ ಕಾಯದೆ ಬಂತು. ರಾಜ್ಯ ಒಂದುಗೂಡಿದ ಮೇಲೆ 1966ರಲ್ಲಿ ನಮ್ಮದೇ ಕಾಯದೆಯಾಯಿತು. ದಲಾಲನಿಗೆ ಪರವಾನಗಿ ಬೇಕಾಯಿತು. ದರ ಬಹಿರಂಗವಾಯಿತು. ತೂಕಕ್ಕೆ ಚೀಟಿ ಬಂತು. ದಲಾಲಿಗೆ ಮಿತಿ ಬಂತು. ಅದನ್ನು ಕೊಂಡವನು ಕೊಡಬೇಕೇ ಹೊರತು ರೈತನ ಪಟ್ಟಿಯಿಂದ ಹಿಡಿಯಕೂಡದೆಂದಾಯಿತು. ಮುಂದೆ ನಮ್ಮ ರಾಜ್ಯದ ಪೇಟೆಗಳಲ್ಲಿ ಕಂಪ್ಯೂಟರಿನ ಮೇಲೆ ಟೆಂಡರು ನಡೆಯತೊಡಗಿತು. ಅಮರಗೋಳದ ಪೇಟೆಗೆ ಮೆಣಸಿನಕಾಯಿ ತಂದ ರೈತನಿಗೆ ತನ್ನ ಚೀಲಕ್ಕೆ ಎಷ್ಟು ದರ ಬಿತ್ತೆಂಬುದು ತಿಳಿಯುತ್ತದೆ. ಒಪ್ಪದಿದ್ದರೆ ಮಾರದೆ ಬಿಡಬಹುದು.

ಅಲ್ಲಿ ಎಲ್ಲವೂ ಸರಿಯಿದೆಯೆಂದು ನಾನು ಹೇಳುತ್ತಿಲ್ಲ. ಬಿಳಿಚೀಟಿಯ ವ್ಯವಹಾರ ಸತ್ತಿಲ್ಲ. ತೂಕದ ಜಗಳ ನಿಂತಿಲ್ಲ. 2024ರ ಮಾರ್ಚದಲ್ಲಿ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದರ ಒಮ್ಮೆಲೇ ಕುಸಿದಾಗ ರೈತರು ರೊಚ್ಚಿಗೆದ್ದು ಪೇಟೆಯ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟವು. ಬೆಂಕಿ ಹಚ್ಚುವದನ್ನು ನಾನು ಮೆಚ್ಚುವದಿಲ್ಲ. ಆದರೆ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಹಿಂದಿನ ವಾರದ ದರ ಎಷ್ಟು, ಇಂದಿನ ದರ ಎಷ್ಟು ಎಂಬುದು ಅವರಿಗೆ ಗೊತ್ತಿತ್ತು. ದರ ಗೊತ್ತಿದ್ದವನಿಗೆ ಸಿಟ್ಟಾದರೂ ಬರುತ್ತದೆ. ನಮಗೆ ಅದೂ ಇಲ್ಲ. ನಮ್ಮ ದುಡಿಮೆಯ ದರ ಇಂದಿಗೂ ವಲ್ಲಿಯ ಕೆಳಗೇ ಇದೆ.

ದುಡಿಮೆ ಸರಕಲ್ಲವೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1944ರಲ್ಲಿ ಫಿಲಡೆಲ್ಫಿಯಾದಲ್ಲಿ ಸಾರಿತು. ದೊಡ್ಡ ಮಾತು. ಆದರೆ ಮಾಮಾ, ನಾವು ಸರಕಾಗಿದ್ದರೇ ಒಳ್ಳೆಯದಿತ್ತೇನೋ ಎನಿಸುತ್ತದೆ. ಮೆಣಸಿನಕಾಯಿಯ ಚೀಲಕ್ಕೆ ಲಾಟಿನ ನಂಬರುಂಟು, ತೂಕದ ಚೀಟಿಯುಂಟು, ಬಹಿರಂಗ ದರವುಂಟು, ಪರವಾನಗಿ ಪಡೆದ ದಲಾಲನುಂಟು. ಇಪ್ಪತ್ತೈದು ವರ್ಷ ಕಸುಬು ಮಾಡಿದ ಮನುಷ್ಯನಿಗೆ ಇವುಗಳಲ್ಲಿ ಒಂದೂ ಇಲ್ಲ.

ಎರಡನೆಯ ಮಾತು: ‘ಒಪ್ಪಿಗೆಯಿಲ್ಲದಿದ್ದರೆ ಬಿಡು.’ ಹಿಂದೆ ಕಾರಖಾನೆಯವರು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ತಾವೇ ಜನರನ್ನು ಆರಿಸುತ್ತಿದ್ದರು. ಈಗ ದೊಡ್ಡ ಕಂಪನಿಗಳು ತಮ್ಮ ಹಾಜರಿ ಪುಸ್ತಕವನ್ನು ತೆಳ್ಳಗಿಡಬಯಸುತ್ತವೆ. ಮೂರು ತಿಂಗಳಿಗೆ ಬೇಕಾದ ಮನುಷ್ಯನನ್ನು ಬೋಲ್ಟು-ನಟ್ಟು ಕೊಳ್ಳುವ ವಿಭಾಗವೇ ಕೊಳ್ಳುತ್ತದೆ. ಅದೂ ತನ್ನ ಯಾದಿಯಲ್ಲಿದ್ದ ವ್ಯಾಪಾರಿಗಳಿಂದ ಮಾತ್ರ. ಆ ಯಾದಿಯಲ್ಲಿ ಒಬ್ಬೊಂಟಿ ಮನುಷ್ಯನ ಹೆಸರು ಸೇರುವದು ಕಷ್ಟ. ಆದ್ದರಿಂದ ಬಾಗಿಲು ಒಂದೇ. ಬಾಗಿಲಲ್ಲಿ ಕುಳಿತವನು ಏಜೆಂಟ. ಊರಿಗೊಂದೇ ಬಾವಿಯಿದ್ದಾಗ ‘ನೀರು ಸೇದುವದು ಬೇಡವಾದರೆ ಬಿಡು’ ಎನ್ನುವದು ಸ್ವಾತಂತ್ರ್ಯದ ಮಾತಲ್ಲ.

ಮೂರನೆಯ ಮಾತನ್ನು ಮಾಮಾ ಆಡಲಿಲ್ಲ. ಆಡಿದ್ದರೆ ನಾನು ತಲೆ ತಗ್ಗಿಸಬೇಕಾಗುತ್ತಿತ್ತು. ‘ನೀನಾದರೂ ಬೇರೆ ಏನು ಮಾಡಿದಿ?’ ಎಂಬ ಪ್ರಶ್ನೆ ಅದು. ನಿಜವನ್ನು ಹೇಳಿಬಿಡುತ್ತೇನೆ. 2021ರಲ್ಲಿ ಬೆಳಗಾವಿಯ ಕಡೆಯ ಒಬ್ಬ ಗಿರಾಕಿಯಿಂದ ನನಗೆ ಕೈತುಂಬ ಕೆಲಸ ಬಂತು. ಒಬ್ಬನಿಂದಾಗದೆ ಪಾಲಿಟೆಕ್ನಿಕ್ ಮುಗಿಸಿದ ಒಬ್ಬ ಹುಡುಗನಿಗೆ ಅದರಲ್ಲಿ ಕೆಲವು ನಕ್ಷೆಗಳನ್ನು ಕೊಟ್ಟೆ. ಗಿರಾಕಿ ನಕ್ಷೆಗೆ 600 ರೂಪಾಯಿ ಕೊಡುತ್ತಿದ್ದ. ನಾನು ಹುಡುಗನಿಗೆ 300 ಕೊಟ್ಟೆ. ಗಿರಾಕಿಯ ದರವನ್ನು ಹೇಳಲಿಲ್ಲ. ಅವನ ತಪ್ಪುಗಳನ್ನು ತಿದ್ದುತ್ತಿದ್ದೆ, ಹೊಣೆ ಹೊರುತ್ತಿದ್ದೆ. ಅದಕ್ಕೆ ನನಗೊಂದು ಪಾಲು ಸಲ್ಲಬೇಕಾದದ್ದೇ. ಆದರೆ ಅರ್ಧವೇ? ಅದನ್ನು ಬಚ್ಚಿಟ್ಟದ್ದೇಕೆ? ಹೇಳಿದ್ದರೆ ಅವನು ಹೆಚ್ಚು ಕೇಳುತ್ತಿದ್ದ, ಅದಕ್ಕೇ ಹೇಳಲಿಲ್ಲ. ಪುಣೆಯಿಂದ ಬಂದ ಮೇಲೆ ಅವನನ್ನು ಮನೆಗೆ ಕರೆದು ಇದ್ದದ್ದನ್ನು ಹೇಳಿದೆ. ಅವನು ನೆಲ ನೋಡುತ್ತ, “ನನಗ ಮೊದಲ ಗೊತ್ತಿತ್ರಿ ಸರ್. ಅವರ ಆಫೀಸಿನ್ಯಾಗ ಬಿಲ್ಲು ನೋಡಿದ್ದೆ” ಎಂದ. “ಮತ್ತ ಯಾಕ ಕೇಳಲಿಲ್ಲೋ?” ಎಂದೆ. “ಕೇಳಿದ್ರ ಮುಂದಿನ ಕೆಲಸ ಕೊಡತಿದ್ರೇನ್ರಿ?” ಎಂದ.

ಪುಣೆಯ ಊಟದ ಮನೆಯಲ್ಲಿ ನಾನು ಸುಮ್ಮನೆ ಕುಳಿತದ್ದು ಯಾಕೆಂದು ಆ ಹುಡುಗ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದ. ಆದ್ದರಿಂದ ಇದು ಒಳ್ಳೆಯ ಮನುಷ್ಯ, ಕೆಟ್ಟ ಮನುಷ್ಯ ಎಂಬ ಪ್ರಶ್ನೆಯಲ್ಲ. ವಲ್ಲಿ ಇದ್ದಲ್ಲಿ ಎಂಥವನ ಬೆರಳೂ ಸೊಟ್ಟಾಗುತ್ತದೆ. ಮನುಷ್ಯನನ್ನು ತಿದ್ದುವ ಉಪದೇಶಕ್ಕಿಂತ ವಲ್ಲಿಯನ್ನು ತೆಗೆಯುವ ನಿಯಮ ಬೇಕು.

ಆ ನಿಯಮ ಎಲ್ಲೂ ಇಲ್ಲದ ಆಕಾಶಪುಷ್ಪವೇ? ಅಲ್ಲ. ಬ್ರಿಟನ್ನಿನಲ್ಲಿ 1973ರಲ್ಲೇ ಇಂಥ ಏಜನ್ಸಿಗಳಿಗೆ ಕಾಯದೆಯಾಯಿತು. 2003ರ ನಿಯಮಗಳಂತೆ, ತಾನು ಒದಗಿಸಿದ ಮನುಷ್ಯನಿಗೆ ‘ಗಿರಾಕಿ ಕೊಟ್ಟಿಲ್ಲ’ ಎಂಬ ನೆವದಿಂದ ಏಜನ್ಸಿ ಹಣ ತಡೆಹಿಡಿಯುವಂತಿಲ್ಲ. ನಿಜವಾದ ಕೆಲಸ ಮತ್ತು ಅದಕ್ಕೆ ಜನ ಹುಡುಕುವ ಅಧಿಕಾರ ಕೈಯಲ್ಲಿಲ್ಲದೆ ಜಾಹೀರಾತು ಕೊಡುವಂತಿಲ್ಲ. ನ್ಯೂಯಾರ್ಕ್ ನಗರದಲ್ಲಿ 2017ರ ಮೇ ತಿಂಗಳಿಂದ, 800 ಡಾಲರಿಗೆ ಕಡಿಮೆಯಿಲ್ಲದ ಕೆಲಸವನ್ನು ಸ್ವತಂತ್ರ ದುಡಿಮೆಗಾರನಿಗೆ ಕೊಟ್ಟರೆ ಬರಹದ ಕರಾರು ಮಾಡಲೇಬೇಕು. ದಿನ ಗೊತ್ತುಮಾಡದಿದ್ದರೆ ಕೆಲಸ ಮುಗಿದ ಮೂವತ್ತು ದಿನದಲ್ಲಿ ಹಣ ಕೊಡಲೇಬೇಕು. ಕೆಲಸ ಹುಡುಕುವವನಿಂದ ಏಜನ್ಸಿಗಳು ನೇರವಾಗಲಿ ಸುತ್ತುಬಳಸಿಯಾಗಲಿ ಶುಲ್ಕ ತೆಗೆದುಕೊಳ್ಳಕೂಡದೆಂದು 1997ರಲ್ಲಿ ಅಂತರರಾಷ್ಟ್ರೀಯ ಒಡಂಬಡಿಕೆಯೊಂದಾಯಿತು. ಅದನ್ನು ಅಂಗೀಕರಿಸಿದ ದೇಶಗಳಲ್ಲಿ ನಮ್ಮದಿಲ್ಲ. ದರವನ್ನು ಬಚ್ಚಿಟ್ಟು ನೂರಕ್ಕೆ ಐವತ್ತಾರು ಹಿಡಿಯುವದು ಸುತ್ತುಬಳಸಿದ ಶುಲ್ಕವಲ್ಲದೆ ಮತ್ತೇನು?

ನಮ್ಮಲ್ಲಿಯ ವಿಚಿತ್ರ ನೋಡಿ. ಹೊರದೇಶಕ್ಕೆ ಜನರನ್ನು ಕಳಿಸುವ ಏಜೆಂಟನಿಗೆ 1983ರ ವಲಸೆ ಕಾಯದೆ ನೋಂದಣಿಯನ್ನು ಕಡ್ಡಾಯ ಮಾಡಿತು. ಅವನ ಶುಲ್ಕಕ್ಕೆ ಮಿತಿಯನ್ನೂ ಹಾಕಲಾಯಿತು. ದುಬೈಗೆ ಕಳಿಸುವವನಿಗೆ ಲಗಾಮುಂಟು, ಪುಣೆಗೆ ಕಳಿಸುವವನಿಗಿಲ್ಲ. ಮನೆಮನೆಗೆ ಊಟ ಮುಟ್ಟಿಸುವ ಹುಡುಗರಿಗಾಗಿ ನಮ್ಮ ರಾಜ್ಯ 2025ರಲ್ಲಿ ಕಾಯದೆ ಮಾಡಿತು, ಒಳ್ಳೆಯ ಕೆಲಸವೇ. ಆದರೆ ಅದರ ಕಣ್ಣು ಮೊಬಾಯಿಲಿನ ಆ್ಯಪುಗಳ ಮೇಲಿದೆ. ಫೋನು ಹಚ್ಚಿ ಬಯೋಡೇಟಾ ಬೇಡುವವನ ಮೇಲೆ ಬಿದ್ದಿಲ್ಲ.

ಹಾಗೆಂದು ನಾವು ಕೈಕಟ್ಟಿ ಕೂಡಬೇಕಾಗಿಲ್ಲ. 2006ರ ಸಣ್ಣ ಉದ್ದಿಮೆಗಳ ಕಾಯದೆ ಕಾರಖಾನೆ ಕಟ್ಟಿದವರಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ಮನೆಯಲ್ಲಿ ಕುಳಿತು ಬಿಲ್ಲು ಕೊಟ್ಟು ಸೇವೆ ಸಲ್ಲಿಸುವ ಒಬ್ಬೊಂಟಿಗನೂ ಅದರಡಿ ನೋಂದಾಯಿಸಿಕೊಳ್ಳಬಹುದು. 2020ರಿಂದ ಇದಕ್ಕೆ ‘ಉದ್ಯಮ’ ನೋಂದಣಿಯೆನ್ನುತ್ತಾರೆ, ಶುಲ್ಕವಿಲ್ಲ. ನೋಂದಾಯಿಸಿದವನ ಬಿಲ್ಲನ್ನು ನಲವತ್ತೈದು ದಿನದೊಳಗೆ ಸಲ್ಲಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳ ತಿಂಗಳ ಚಕ್ರಬಡ್ಡಿ. 2023ರ ಲೆಕ್ಕದಲ್ಲಿ ಅದು ನೂರಕ್ಕೆ ಇಪ್ಪತ್ತರ ಮೇಲಾಗುತ್ತಿತ್ತು. ನಾನು 2021ರಲ್ಲಿ ಕಂಪ್ಯೂಟರಿನ ಸಾಲಕ್ಕಾಗಿ ನೋಂದಾಯಿಸಿದ್ದೆ. ಆ ಕಾಗದ ಇಂಥ ಕೆಲಸಕ್ಕೆ ಬರುತ್ತದೆಂದು ಗೊತ್ತಿರಲಿಲ್ಲ. ಸಪ್ಟೆಂಬರದಲ್ಲಿ ಪರಿಚಯದ ವಕೀಲರು ಹೇಳಿದಂತೆ ಕಲಮುಗಳನ್ನು ಕಾಣಿಸಿ ಒಂದು ನೋಟೀಸು ಬರೆದೆ. ಏಳು ತಿಂಗಳು ‘ಗಿರಾಕಿಯಿಂದ ಬಂದಿಲ್ಲ’ವಾದ ಹಣ ಹನ್ನೊಂದನೆಯ ದಿನ ನನ್ನ ಖಾತೆಗೆ ಬಂತು. ಬಡ್ಡಿ ಬರಲಿಲ್ಲ. ಪಾಟಲಿ ಬಿಡಿಸುವ ಅವಸರದಲ್ಲಿ ನಾನು ಅದನ್ನು ಬಿಟ್ಟುಕೊಟ್ಟೆ, ಬಿಡಬಾರದಿತ್ತು.

ಏಜೆಂಟರು ತೋರಿಸುವ ಇನ್ನೊಂದು ಗುಮ್ಮವುಂಟು. ‘ಕೆಲಸ ಮುಗಿದ ಮೇಲೆ ಎರಡು ವರ್ಷ ಈ ಗಿರಾಕಿಯ ಕೆಲಸ ಮಾಡಕೂಡದು’ ಎಂದು ಬರೆಸಿಕೊಳ್ಳುತ್ತಾರೆ. ಯಾರೊಬ್ಬರ ನ್ಯಾಯವಾದ ಉದ್ಯೋಗವನ್ನು ತಡೆಯುವ ಕರಾರು ಆ ಮಟ್ಟಿಗೆ ಶೂನ್ಯವೆಂದು 1872ರ ಕರಾರು ಕಾಯದೆಯ 27ನೆಯ ಕಲಮು ಹೇಳುತ್ತದೆ. ಗುಮ್ಮನಿಗೆ ಹೆದರುವ ಮುಂಚೆ ಒಬ್ಬ ವಕೀಲರನ್ನು ಕೇಳಿ.

ನಾನು ಬೇಡುವದು ಹೆಚ್ಚಿನದಲ್ಲ. ಒಂದು, ಗಿರಾಕಿ ಕೊಡುವ ದರವೂ ದುಡಿಯುವವನ ದರವೂ ಒಂದೇ ಕಾಗದದ ಮೇಲೆ ಇರಲಿ; ಪಾಲು ಎಷ್ಟಾದರೂ ಕಣ್ಣೆದುರಿಗೆ ಇರಲಿ. ಎರಡು, ಗಿರಾಕಿ ಕೊಟ್ಟರೂ ಕೊಡದಿದ್ದರೂ ದುಡಿದವನ ಹಣ ಗೊತ್ತಾದ ದಿನಕ್ಕೆ ಬರಲಿ. ಗಿರಾಕಿಯನ್ನು ಹುಡುಕಿ ತಂದವನೇ ಆ ಗಂಡಾಂತರವನ್ನೂ ಹೊರಲಿ, ಅವನ ಪಾಲು ಅದಕ್ಕಾಗಿಯೇ ಇದೆ. ಮೂರು, ಬರಹದ ಒಪ್ಪಿಗೆಯಿಲ್ಲದೆ ಯಾರ ಬಯೋಡೇಟಾವೂ ಎಲ್ಲಿಗೂ ಹೋಗದಿರಲಿ, ಅದರಲ್ಲಿ ಒಂದಕ್ಷರವೂ ತಿದ್ದದಿರಲಿ. ನಾಲ್ಕು, ದಲಾಲಿ ಮಾಡುವವನಿಗೆ ಪರವಾನಗಿಯಿರಲಿ. ಈ ನಾಲ್ಕರಲ್ಲಿ ಒಂದೂ ಹೊಸದಲ್ಲ. ಎಲ್ಲವನ್ನೂ ನಮ್ಮ ಅಜ್ಜಂದಿರು ಹತ್ತಿಗೂ ಮೆಣಸಿನಕಾಯಿಗೂ ಸಂಪಾದಿಸಿ ಕೊಟ್ಟಿದ್ದಾರೆ. ಕಾರಖಾನೆಗಳವರಿಗೂ ಒಂದು ಮಾತು: ಸಾವಿರದ ನೂರು ಕೊಟ್ಟು ನಾಲ್ಕು ನೂರಾ ಎಂಬತ್ತರ ಮನುಷ್ಯನನ್ನು ಕೊಳ್ಳುವದು ನಿಮಗಾದರೂ ಲಾಭವೇ? ಬಿಲ್ಲಿನ ಕೆಳಗೆ ‘ದುಡಿದವನಿಗೆ ಸಂದದ್ದು ಎಷ್ಟು?’ ಎಂಬ ಒಂದು ಸಾಲನ್ನು ನೀವು ಬೇಡಿದರೆ ಕಾಯದೆ ಬರುವವರೆಗೆ ಕಾಯಬೇಕಾಗಿಲ್ಲ.

ನೋಟೀಸು ಕೊಟ್ಟ ಮೇಲೆ ಆ ಏಜೆಂಟ ನನಗೆ ಮತ್ತೆ ಫೋನು ಹಚ್ಚಲಿಲ್ಲ. ಬೇರೆಯವರೂ ಕಡಿಮೆಯಾದರು. ಕೆಲಸ ಸ್ವಲ್ಪ ಇಳಿದಿದೆಯೆಂಬುದನ್ನು ಮುಚ್ಚಿಡುವದಿಲ್ಲ. ಆ ಹುಡುಗ ಹೇಳಿದ್ದು ಸುಳ್ಳಲ್ಲ. ಆದರೆ ಈಗ ನಾವಿಬ್ಬರೂ ಕೂಡಿ ಮಾಡುತ್ತೇವೆ. ನಾನು ಅವನಿಗೆ ಕೊಡುವ ಪಟ್ಟಿಯಲ್ಲಿ ಗಿರಾಕಿಯ ದರ ಒಂದು ಸಾಲು, ನನ್ನ ಪಾಲು ಒಂದು ಸಾಲು, ಅವನ ಹಣ ಒಂದು ಸಾಲು. ಮೊದಲ ತಿಂಗಳು ನನ್ನ ಪಾಲಿನ ಸಾಲನ್ನು ಬರೆಯುವಾಗ ಕೈ ತಡೆಯಿತು. ಎಷ್ಟು ಬರೆದರೆ ಅವನೆದುರಿಗೆ ನಾಚಿಕೆಯಾಗಲಿಕ್ಕಿಲ್ಲ ಎಂದು ಯೋಚಿಸಬೇಕಾಯಿತು. ಯೋಚಿಸಿ ನೂರಕ್ಕೆ ಹದಿನೈದು ಎಂದು ಬರೆದೆ. ಅವನು ಒಪ್ಪಿದ.

ಮಾಮಾ, ಈ ಪತ್ರಿಕೆ ನಿಮ್ಮ ಮನೆಗೂ ಬರುತ್ತದೆ. ನಿಮ್ಮ ಮಗ ಜಾಣ, ಒಳ್ಳೆಯವ, ನನಗೆ ಗೊತ್ತು. ಮುಂದಿನ ಸಲ ಊರಿಗೆ ಬಂದಾಗ ಅವನನ್ನು ಒಂದೇ ಮಾತು ಕೇಳಿರಿ: “ತಮ್ಮಾ, ನಿನ್ನ ಪಟ್ಟಿಯೊಳಗ ಎಷ್ಟು ಸಾಲು ಅದಾವು?”